ಗೋವೆಯ ಕಾಯಿದೆಗಳಲ್ಲಿ ಗರ್ಭಪಾತದ ಕಾರಣಗಳು

ಗರ್ಭಪಾತವೆಂದೊಡನೆ ಪಾಪವಿಚಾರ ಮೊದಲಾಗುತ್ತದೆ, ಕಾರಣವಿಚಾರ ಹಿಂದುಳಿಯುತ್ತದೆ. ನೆರೆಯ ಗೋವೆಯ ಕಾಯಿದೆಗಳನ್ನು ಕ್ರಮವಾಗಿ ಓದಿದರೆ ಕಾರಣಗಳೂ ಕಾಣಸಿಗುತ್ತವೆಂದು ನಾವು ಬಗೆಯುತ್ತೇವೆ.

ಅಲ್ಲಿ ಜಾರಿಯಲ್ಲಿದ್ದ ಪೋರ್ತುಗೀಜರ 1886ರ ದಂಡಸಂಹಿತೆಯ 358ನೆಯ ಕಲಮು ಗರ್ಭಪಾತವನ್ನು ಅಪರಾಧವೆಂದಿತು. ಆದರೆ ತನ್ನ ಮಾನಹಾನಿಯನ್ನು ಮರೆಮಾಡಲು ಹೆಣ್ಣು ಹಾಗೆ ಮಾಡಿದ್ದರೆ ಶಿಕ್ಷೆಯನ್ನು ಇಳಿಸಿತು. ಲೋಕಾಪವಾದದ ಅಂಜಿಕೆಯನ್ನು ಶಾಸನಕಾರರೇ ಅರಿತಿದ್ದರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ? ಪುಣೆಯಲ್ಲಿ 1863ರಲ್ಲಿ ಫುಲೆ ದಂಪತಿಗಳು ವಿಧವೆಯರ ಗುಪ್ತ ಪ್ರಸವಕ್ಕೆ ಆಶ್ರಯ ತೆರೆದುದೂ ಈ ಅಂಜಿಕೆಯನ್ನು ಕಂಡೇ.

1961ರಲ್ಲಿ ಗೋವೆ ವಿಮೋಚನೆಗೊಂಡಿತು; 1963ರಲ್ಲಿ ಭಾರತೀಯ ದಂಡಸಂಹಿತೆ ಅಲ್ಲಿಗೆ ಬಂದಿತು. ಅದರ 312ನೆಯ ಕಲಮು ತಾಯಿಯ ಪ್ರಾಣರಕ್ಷಣೆಯೊಂದನ್ನೇ ಮನ್ನಿಸಿತು. ಮಾನದ ಮಾತು ಅಲ್ಲಿರಲಿಲ್ಲ. 1971ರ ಕಾಯಿದೆಯು ದೇಹ-ಮನಸ್ಸುಗಳ ಆರೋಗ್ಯ, ಅತ್ಯಾಚಾರ, ಶಿಶುವಿನ ವೈಕಲ್ಯ ಇವುಗಳನ್ನು ಒಪ್ಪಿತು. ವಿವಾಹಿತೆಯರ ಗರ್ಭನಿರೋಧ ವಿಫಲವಾದುದನ್ನೂ ಒಪ್ಪಿತು. 2021ರ ತಿದ್ದುಪಡಿಯಲ್ಲಿ ‘ಗಂಡ’ ಹೋಗಿ ‘ಸಂಗಾತಿ’ ಬಂದುದರಿಂದ ಅವಿವಾಹಿತೆಯರಿಗೂ ಆ ದಾರಿ ತೆರೆಯಿತು.

ಬಡತನ, ಮೇಲಿಂದ ಮೇಲೆ ಹೆರಿಗೆ, ಗಂಡನ ಉಪೇಕ್ಷೆ ಇವುಗಳ ಹೆಸರು ಮಾತ್ರ ಕಾಯಿದೆಯಲ್ಲಿಲ್ಲ. ಹೆಣ್ಣಿನ ಸದ್ಯದ ಹಾಗೂ ಮುಂದಿನ ಪರಿಸ್ಥಿತಿಯನ್ನು ಗಣಿಸಬಹುದೆಂಬ ಒಂದೇ ಮಾತಿನೊಳಗೆ ಅವೆಲ್ಲ ಅಡಗಿವೆ. ಕೂಲಿಗೆಂದು ಗೋವೆಗೆ ಹೋದ ಕನ್ನಡ ಹೆಣ್ಣುಮಕ್ಕಳ ಬಾಳು ಹೆಚ್ಚಾಗಿ ಆ ಮಾತಿನೊಳಗಿನದೇ. ಕೋರ್ಟಿನ ಕಡತದಲ್ಲಿ ಶಿಕ್ಷೆಯ ಅವಧಿ ಸಿಕ್ಕೀತು. ಅವರ ಸಂಕಟ ಸಿಗದು. ಅಧ್ಯಾಪಕ ಬಂಧುಗಳು ಮುದಿ ಸೂಲಗಿತ್ತಿಯರ ನೆನಪುಗಳನ್ನು, ಯಾರ ಹೆಸರನ್ನೂ ಹೊರಗೆಡಹದೆ, ಈಗಲೇ ಬರೆದಿಡಬೇಕು. ಅವರು ಹೋದರೆ ಆ ಇತಿಹಾಸವೂ ಹೋದಂತೆಯೇ.