ವಿಕಲಚೇತನರಿಗೆ ‘ವೈಯಕ್ತಿಕ ಬಜೆಟ್’: ಹಾಗಂದ್ರೇನು, ನಮ್ಮ ತಾಲೂಕುಗಳಿಗೆ ಯಾಕೆ ಬೇಕು?

ಇಂಡಿ ತಾಲೂಕಿನ ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿ ಒಂದು ಟ್ರೈಸಿಕಲ್ ನಿಂತಿದೆ. ಅಕ್ಕನಿಗೆ ಒಂದು ಶಿಬಿರದಲ್ಲಿ ಕೊಟ್ಟದ್ದು. ಅಕ್ಕನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಕೈಯಲ್ಲಿ ಏನನ್ನೂ ಬಿಗಿಯಾಗಿ ಹಿಡಿಯಲಾರಳು. ಕೈಯಿಂದಲೇ ತಿರುಗಿಸಿ ಓಡಿಸಬೇಕಾದ ಗಾಡಿಯನ್ನು ಅವಳು ಏನು ಮಾಡಬೇಕು? ಈಗ ಅದರ ಮೇಲೆ ಮೇವಿನ ಚೀಲ ಇಡ್ತೀವಿ. ಅವಳಿಗೆ ಬೇಕಿದ್ದದ್ದು ಬೆನ್ನಿಗೆ ಆಸರೆ ಕೊಡುವ ಕುರ್ಚಿ ಮತ್ತು ದಿನಕ್ಕೆ ಎರಡು ತಾಸು ಅವ್ವನ ಬದಲು ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು. ನಿನಗೇನು ಬೇಕವ್ವಾ ಅಂತ ಯಾರೂ ಅವಳನ್ನು ಕೇಳಲಿಲ್ಲ.

ಆ ಪ್ರಶ್ನೆಯಿಂದಲೇ ಶುರುವಾಗುವ ವ್ಯವಸ್ಥೆಗೆ ‘ವೈಯಕ್ತಿಕ ಬಜೆಟ್’ ಎನ್ನುತ್ತಾರೆ.

ಏನಿದು?

ಇದರಲ್ಲಿ ಮೂರು ಹಂತಗಳಿವೆ. ಮೊದಲು, ಒಬ್ಬ ವ್ಯಕ್ತಿ ತನ್ನ ಮನೆಯಲ್ಲೇ, ತನ್ನ ಊರಲ್ಲೇ ಬದುಕಲು ಯಾವ ನೆರವು ಬೇಕು ಎಂದು ಅವರ ಜೊತೆ ಕೂತು ಲೆಕ್ಕ ಹಾಕುವುದು. ಎರಡನೆಯದು, ಆ ಲೆಕ್ಕಕ್ಕೆ ತಕ್ಕಷ್ಟು ಹಣವನ್ನು ಅವರ ಹೆಸರಿಗೆ ಗೊತ್ತುಮಾಡುವುದು. ಮೂರನೆಯದು, ಆ ಹಣದಲ್ಲಿ ಯಾರನ್ನು ನೇಮಿಸಬೇಕು, ಏನು ಕೊಳ್ಳಬೇಕು ಎಂಬ ತೀರ್ಮಾನವನ್ನು ಅವರಿಗೇ ಬಿಡುವುದು. ಲೆಕ್ಕಪತ್ರ ನೋಡಿಕೊಳ್ಳಲು ಕಷ್ಟವಾದರೆ ಅದಕ್ಕೂ ಒಬ್ಬರ ಸಹಾಯ ಇರುತ್ತದೆ.

ಇದು ಪಿಂಚಣಿ ಅಲ್ಲ. ಪಿಂಚಣಿ ಎಲ್ಲರಿಗೂ ಒಂದೇ ಅಳತೆಯ ಅಂಗಿ, ಇದು ಅಳತೆ ತೆಗೆದು ಹೊಲಿಸುವುದು. ಸಂಸ್ಥೆಗೆ ಕೊಡುವ ಅನುದಾನವೂ ಅಲ್ಲ. ದೀನದಯಾಳ್ ಪುನರ್ವಸತಿ ಯೋಜನೆಯಂಥ ಕಾರ್ಯಕ್ರಮಗಳಲ್ಲಿ ದುಡ್ಡು ಸ್ವಯಂಸೇವಾ ಸಂಸ್ಥೆಗೆ ಹೋಗುತ್ತದೆ, ಸಂಸ್ಥೆ ಇದ್ದಲ್ಲಿಗೆ ವ್ಯಕ್ತಿ ಹೋಗಬೇಕು.

ಶೇಕಡಾವಾರು ಏನನ್ನು ಹೇಳುವುದಿಲ್ಲ?

ಒಂದು ಊಹೆ ಮಾಡಿ. ನಾಲ್ಕು ತಾಲೂಕುಗಳ ನಾಲ್ವರ ಕೈಯಲ್ಲಿ ಶೇ. 75ಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇದೆ. ಮುದ್ದೇಬಿಹಾಳದವರು ಬೆನ್ನುಹುರಿಗೆ ಪೆಟ್ಟು ಬಿದ್ದವರು, ಅವರಿಗೆ ಕ್ಯಾಥೆಟರ್, ಹಾಸಿಗೆ ಹುಣ್ಣಾಗದಂಥ ಗಾದಿ, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುವ ಕೈ ಬೇಕು. ಬಸವನಬಾಗೇವಾಡಿಯ ದೃಷ್ಟಿದೋಷದ ಕಾಲೇಜು ಹುಡುಗಿಗೆ ಓದಿ ಹೇಳುವವರು, ಪರೀಕ್ಷೆಗೆ ಬರೆಯುವವರು ಬೇಕು. ಸಿಂದಗಿಯ ಹುಡುಗನಿಗೆ ಮಸ್ಕ್ಯುಲರ್ ಡಿಸ್ಟ್ರೊಫಿ. ಅಪ್ಪ-ಅವ್ವ ಮಹಾರಾಷ್ಟ್ರಕ್ಕೆ ಗುಳೆ ಹೋದಾಗ ಮುದುಕಿ ಆಯಿಗೆ ಅವನನ್ನು ಎತ್ತಲು ಆಗುವುದಿಲ್ಲ, ಆ ತಿಂಗಳುಗಳಲ್ಲಿ ಒಬ್ಬ ಸಹಾಯಕ ಬೇಕು. ನಾಲ್ಕನೆಯವಳು ಇಂಡಿಯ ನನ್ನ ಅಕ್ಕ.

ಪ್ರಮಾಣಪತ್ರ ಇವರ ದೇಹದ ಕೊರತೆಯನ್ನು ಅಳೆಯುತ್ತದೆ. ಗುಳೆ, ಮುದುಕಿ ಆಯಿ, ದೂರದ ಕಾಲೇಜು ಅದರಲ್ಲಿ ಬರುವುದೇ ಇಲ್ಲ.

ನಮ್ಮಲ್ಲಿ ಈಗ ಏನಿದೆ?

ಕರ್ನಾಟಕದ ಅಂಗವಿಕಲ ವೇತನ ಶೇ. 40ರ ಮೇಲಿನವರಿಗೆ ತಿಂಗಳಿಗೆ ₹800, ಶೇ. 75ಕ್ಕಿಂತ ಹೆಚ್ಚಿದ್ದರೆ ₹1,400. ಶೇ. 80 ದಾಟಿದ ಬಡ ಕುಟುಂಬದವರಿಗೆ ಕೇಂದ್ರದ ಇಂದಿರಾ ಗಾಂಧಿ ಪಿಂಚಣಿಯ ಪಾಲು 2012ರಿಂದ ₹300ರಲ್ಲೇ ನಿಂತಿದೆ. 2024–25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ ₹1,000 ಘೋಷಣೆಯಾಯಿತು. ಆರೈಕೆಯೂ ಕೆಲಸ ಎಂದು ಸರ್ಕಾರ ಒಪ್ಪಿಕೊಂಡದ್ದು ದೊಡ್ಡ ಮಾತು. ಆದರೆ 2025–26ರ ನರೇಗಾ ಕೂಲಿ ದಿನಕ್ಕೆ ₹370. ಅಂದರೆ ಅವ್ವನ ಮೂವತ್ತು ದಿನದ ದುಡಿಮೆಗೆ ಮೂರು ದಿನದ ಕೂಲಿಯೂ ಆಗಲಿಲ್ಲ.

ಇದರ ಜೊತೆಗೆ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಬಹುತೇಕ ಇವರೂ ವಿಕಲಚೇತನರೇ, ಗೌರವಧನಕ್ಕೆ ದುಡಿಯುವವರು. ಪಂಚಾಯಿತಿಗಳು ವಿಕಲಚೇತನರಿಗಾಗಿ ಮೀಸಲಿಡಬೇಕಾದ ಶೇ. 5ರ ಅನುದಾನವೂ ಇದೆ. ನನ್ನ ಪ್ರಕಾರ ವೈಯಕ್ತಿಕ ಬಜೆಟ್‌ಗೆ ನಮ್ಮಲ್ಲಿ ಅತಿ ಹತ್ತಿರದ ದುಡ್ಡು ಇದೇ.

ಕಾನೂನು ಏನು ಹೇಳುತ್ತದೆ?

ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ, ಎಲ್ಲಿ ಮತ್ತು ಯಾರ ಜೊತೆ ಬದುಕಬೇಕು ಎಂಬ ಆಯ್ಕೆಯನ್ನು ವ್ಯಕ್ತಿಗೆ ಕೊಡುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 5 ವೈಯಕ್ತಿಕ ಸಹಾಯಕರೂ ಸೇರಿದಂತೆ ಸಮುದಾಯದಲ್ಲೇ ಸಿಗುವ ನೆರವಿನ ಮಾತಾಡುತ್ತದೆ. ಸೆಕ್ಷನ್ 24 ಆರೈಕೆದಾರರ ಭತ್ಯೆಯನ್ನು ಹೆಸರಿಸುತ್ತದೆ.

ನಾವು ನೆನಪಿಡಬೇಕಾದದ್ದು ಸೆಕ್ಷನ್ 38. ಶೇ. 40 ಅಥವಾ ಹೆಚ್ಚಿನ ವೈಕಲ್ಯ ಇರುವ ಯಾರೇ ಆಗಲಿ, ತನಗೆ ಹೆಚ್ಚಿನ ನೆರವು ಬೇಕು ಎನಿಸಿದರೆ ಅರ್ಜಿ ಹಾಕಬಹುದು, ಅವರ ಪರವಾಗಿ ಬೇರೆಯವರೂ ಹಾಕಬಹುದು. ಮೌಲ್ಯಮಾಪನ ಮಂಡಳಿ ಆ ನೆರವು ಎಂಥದ್ದು ಎಂದು ವರದಿ ಕೊಡಬೇಕು, ಪ್ರಾಧಿಕಾರ ಅದರಂತೆ ಕ್ರಮ ತೆಗೆದುಕೊಳ್ಳಬೇಕು. ಆದರೆ ಕೊನೆಗೊಂದು ಕೊಕ್ಕೆ ಇದೆ: ಈ ನೆರವು ಸರ್ಕಾರದ ‘ಯೋಜನೆ ಮತ್ತು ಆದೇಶಗಳಿಗೆ ಒಳಪಟ್ಟು’. ಯೋಜನೆಯೇ ಇಲ್ಲದಿದ್ದರೆ ವರದಿ ಬರೀ ಕಾಗದ. ಹಾಗಾಗಿ ನಮ್ಮ ಬೇಡಿಕೆ ಹೊಸ ಕಾನೂನು ಆಗಬೇಕಿಲ್ಲ, ಇರುವ ಕಾನೂನಿನ ಹಿಂದೆ ಒಂದು ಯೋಜನೆ, ಒಂದು ಬಜೆಟ್ ಶೀರ್ಷಿಕೆ ಬೇಕು.

ಬೇರೆ ದೇಶಗಳ ಪಾಠ

ಸ್ವೀಡನ್ 1994ರಿಂದ ವೈಯಕ್ತಿಕ ಸಹಾಯಕರನ್ನು ಹಕ್ಕಾಗಿ ಕೊಟ್ಟಿತು. ಬ್ರಿಟನ್ 1996ರ ಕಾಯ್ದೆಯಿಂದ ನೇರ ಪಾವತಿ ತಂದಿತು. ಆಸ್ಟ್ರೇಲಿಯಾ 2013ರಲ್ಲಿ ರಾಷ್ಟ್ರೀಯ ಯೋಜನೆಯನ್ನೇ ಕಟ್ಟಿತು. ಆದರೆ ಇದೇ ಬ್ರಿಟನ್, ತೀವ್ರ ವೈಕಲ್ಯ ಇರುವವರಿಗೆಂದು 1988ರಿಂದ ನಡೆಸಿದ್ದ ಇಂಡಿಪೆಂಡೆಂಟ್ ಲಿವಿಂಗ್ ಫಂಡ್ ಅನ್ನು 2015ರಲ್ಲಿ ಮುಚ್ಚಿತು. ಆಸ್ಟ್ರೇಲಿಯಾದಲ್ಲಿ ವೆಚ್ಚ ಏರಿದಂತೆ ಕತ್ತರಿಯ ಮಾತು ಕೇಳಿಬಂತು.

ಹಾಗಾಗಿ ಎಡಪಂಥೀಯ ಗೆಳೆಯರ ಅನುಮಾನ ನನಗೆ ಅರ್ಥವಾಗುತ್ತೆ: ಕೈಗೆ ದುಡ್ಡು ಕೊಟ್ಟು ಸರ್ಕಾರ ಜಾರಿಕೊಂಡರೆ? ನಮ್ಮೂರಲ್ಲಿ ಫಿಸಿಯೋಥೆರಪಿಸ್ಟ್ ಇಲ್ಲ, ಆ ದುಡ್ಡು ಹಿಡಿದು ಅಕ್ಕ ಎಲ್ಲಿಗೆ ಹೋಗಬೇಕು? ಬಜೆಟ್ ಜೊತೆ ಸೇವೆಯೂ ಬರಬೇಕು. ತಾಲೂಕು ಆಸ್ಪತ್ರೆಯಲ್ಲಿ ಥೆರಪಿ, ಊರಿನ ಹೆಣ್ಣುಮಕ್ಕಳಿಗೆ ತರಬೇತಿ, ಅವರಿಗೆ ಕನಿಷ್ಠ ವೇತನ. ಕಾಯಕದ ಮಾತನ್ನು ಜಗತ್ತಿಗೆ ಹೇಳಿದ ಬಸವಣ್ಣ ಹುಟ್ಟಿದ ನೆಲ ಇದು. ಇಲ್ಲಿ ಆರೈಕೆ ಮಾತ್ರ ಯಾಕೆ ಪಗಾರವಿಲ್ಲದ ಕಾಯಕ ಆಗಬೇಕು?

ನಾವೇನು ಮಾಡಬಹುದು?

- ನಿಮ್ಮೂರ ಗ್ರಾಮಸಭೆಯಲ್ಲಿ ಶೇ. 5ರ ಅನುದಾನದ ಲೆಕ್ಕ ಕೇಳಿ. ಸಾಮಗ್ರಿ ಖರೀದಿಗೂ ಮೊದಲು ಪ್ರತಿಯೊಬ್ಬರ ಅಗತ್ಯದ ಪಟ್ಟಿ ಮಾಡಿಸಿ.
- ಪುನರ್ವಸತಿ ಕಾರ್ಯಕರ್ತರ ಸಹಾಯದಿಂದ ಸೆಕ್ಷನ್ 38ರ ಅರ್ಜಿ ಬರೆದು ಜಿಲ್ಲಾ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ.
- ಜಿಲ್ಲೆಯಲ್ಲಿ ಇಂಥ ಎಷ್ಟು ಅರ್ಜಿ ಬಂದಿವೆ, ಎಷ್ಟಕ್ಕೆ ವರದಿ ಆಗಿದೆ ಎಂದು ಆರ್‌ಟಿಐ ಹಾಕಿ.
- ನಾಲ್ಕು ತಾಲೂಕುಗಳ ಶಾಸಕರ ಮುಂದೆ ಒಂದೇ ಬೇಡಿಕೆ ಇಡಿ: ಪ್ರತಿ ತಾಲೂಕಿನಲ್ಲೂ ಪ್ರಾಯೋಗಿಕವಾಗಿ ವೈಯಕ್ತಿಕ ಬಜೆಟ್ ಶುರುವಾಗಲಿ.

ಅಕ್ಕನ ಅರ್ಜಿ ನಾನು ಬರೆದಿದ್ದೇನೆ. ಏನೇನು ಬೇಕು ಎಂದು ಕೇಳಿದಾಗ ಅವಳು ಕುರ್ಚಿ ಅಂದಳು, ಸಹಾಯಕ್ಕೆ ಪಕ್ಕದ ಮನೆಯಾಕೆ ಅಂದಳು, ಆಮೇಲೆ ತಡೆದು ‘ವರ್ಷಕ್ಕೊಮ್ಮೆ ಜಾತ್ರಿ’ ಅಂದಳು. ಮೂರನ್ನೂ ಬರೆದಿದ್ದೇನೆ. ಅವ್ವ ಮಾತ್ರ ಹೊರಸಿನ ಅಂಚಿನಲ್ಲಿ ಕೂತು ಒಂದೇ ಕೇಳಿದಳು: ‘ನಾ ಇರೂತನಕ ನಾ ನೋಡ್ತೀನಿ. ನಾ ಹೋದಮ್ಯಾಲ?’ ಅರ್ಜಿಯ ಕೊನೆಯ ಸಾಲಿನಲ್ಲಿ ಅದನ್ನೂ ಬರೆದೆ.