ಓವನ್‌ನಲ್ಲಿ ಮೂರು ಗಂಟೆ, ಗುಂಡಿಯ ಪಕ್ಕ ಒಂದಿಡೀ ರಾತ್ರಿ: ಬಾರ್ಬೆಕ್ಯೂ ರಿಬ್ಸ್ ಹಿಂದಿನ ಕತೆ

ಇವತ್ತಿನ ಕಂತಿನಲ್ಲಿ ಒಂದು ಅಡುಗೆಯ ಇತಿಹಾಸ ಕೇಳೋಣ. ಹಂದಿಯ ಪಕ್ಕೆಲುಬಿನ ಮಾಂಸ, ಅಂದ್ರೆ ಪೋರ್ಕ್ ರಿಬ್ಸ್. ಅದನ್ನ ಅಮೆರಿಕದ ಬಾರ್ಬೆಕ್ಯೂ ಶೈಲಿಯಲ್ಲಿ, ಮನೆಯ ಓವನ್‌ನಲ್ಲೇ ಮೆತ್ತಗೆ ಬೇಯಿಸೋದು ಹೇಗೆ ಅಂತ ಮೊಬೈಲ್‌ನಲ್ಲಿ ಹುಡುಕಿ ನೋಡಿ, ವಿಡಿಯೋಗಳು ಸಾಲುಸಾಲಾಗಿ ಬರುತ್ತವೆ. ಕೊಡಗಿನ ಪಂದಿ ಕರಿ ತಿಂದು ಬೆಳೆದವರಿಗೆ ಹಂದಿಮಾಂಸ ಹೊಸದೇನಲ್ಲ. ಮಾಂಸ ಮುಟ್ಟದವರೂ ಇದನ್ನ ಕೇಳಬಹುದು. ಯಾಕಂದ್ರೆ ಇದು ರುಚಿಯ ಕತೆ ಅನ್ನೋದಕ್ಕಿಂತ ದುಡಿಮೆಯ ಕತೆ.

ಆ ವಿಡಿಯೋಗಳಲ್ಲಿ ವಿಧಾನ ಹೆಚ್ಚುಕಡಿಮೆ ಒಂದೇ ಇರುತ್ತೆ. ಎಲುಬಿನ ಹಿಂಬದಿಗೆ ಅಂಟಿಕೊಂಡಿರೋ ತೆಳು ಪೊರೆ ಕೀಳಬೇಕು. ಉಪ್ಪು, ಬೆಲ್ಲದಂಥ ಕಂದು ಸಕ್ಕರೆ, ಕಾಳುಮೆಣಸು, ಖಾರದ ಪುಡಿ ಸವರಬೇಕು. ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ, 135 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂವರೆಯಿಂದ ಮೂರು ಗಂಟೆ ಓವನ್‌ನಲ್ಲಿ ಇಡಬೇಕು. ಕೊನೆಗೆ ಫಾಯಿಲ್ ಬಿಚ್ಚಿ, ಸಿಹಿ, ಹುಳಿ, ಖಾರ ಸೇರಿದ ಸಾಸ್ ಬಳಿದು, ಓವನ್‌ನ ಮೇಲಿನ ಉರಿಯಲ್ಲಿ ನಾಲ್ಕೈದು ನಿಮಿಷ. ಹೊಗೆಯ ಘಮ ಬೇಕು ಅನ್ನೋರು ಸಾಸ್‌ಗೆ ಲಿಕ್ವಿಡ್ ಸ್ಮೋಕ್ ಅನ್ನೋ ಬಾಟಲಿಯಿಂದ ಎರಡು ಹನಿ ಹಾಕ್ತಾರೆ.

ಕೇಳೋಕೆ ಸುಲಭ ಅಲ್ವಾ? ಆದ್ರೆ ಇಲ್ಲಿರೋ ನಾಲ್ಕು ವಿಷಯ ಗಮನಿಸಿ. ಹದವಾದ ಸಣ್ಣ ಉರಿ, ತೇವ ಆರದಂತೆ ಕಾಯೋದು, ಸಾಸ್, ಹೊಗೆ. ಒಂದು ಕಾಲದಲ್ಲಿ ಈ ನಾಲ್ಕನ್ನೂ ನೋಡಿಕೊಳ್ತಾ ಇದ್ದದ್ದು ಯಂತ್ರವಲ್ಲ, ರಾತ್ರಿಯಿಡೀ ಬೆಂಕಿಯ ಪಕ್ಕ ಎಚ್ಚರವಾಗಿದ್ದ ಮನುಷ್ಯರು. ಅವರು ಯಾರು, ಅವರ ಹೆಸರು ಎಲ್ಲಿ ಹೋಯ್ತು ಅನ್ನೋದೇ ಇವತ್ತಿನ ವಿಷಯ.

ಮೂರು ಗಂಟೆ ಯಾಕೆ ಬೇಕು?

ಮೊದಲು ಒಂಚೂರು ವಿಜ್ಞಾನ. ಪಕ್ಕೆಲುಬಿನ ಸುತ್ತ ಇರೋ ಮಾಂಸದಲ್ಲಿ ಕೊಲಾಜನ್ ಅನ್ನೋ ಗಟ್ಟಿ ನಾರಿನಂಥ ಪದಾರ್ಥ ಜಾಸ್ತಿ. ಜೋರು ಉರಿಯಲ್ಲಿ ಬೇಗ ಬೇಯಿಸಿದ್ರೆ ಹೊರಗೆ ಕರಕಲು, ಒಳಗೆ ರಬ್ಬರ್. ಮಾಂಸದ ಒಳಗಿನ ಬಿಸಿ 70 ಡಿಗ್ರಿ ದಾಟಿದ ಮೇಲೆ ಈ ಕೊಲಾಜನ್ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತೆ. ಕಾಲು ಸೂಪ್ ಆರಿದ ಮೇಲೆ ಪಾತ್ರೆಯಲ್ಲಿ ಗಟ್ಟಿಯಾಗಿ ಅಲುಗಾಡುತ್ತಲ್ಲ, ಅದೇ ಜೆಲಟಿನ್. ರಿಬ್ಸ್ ಮೆತ್ತಗಾಗಬೇಕು ಅಂದ್ರೆ ಒಳಗಿನ ಬಿಸಿ 90ರಿಂದ 95 ಡಿಗ್ರಿಗೆ ಬರಬೇಕು, ಅದೂ ನಿಧಾನವಾಗಿ.

ಅಂದ್ರೆ ಈ ಅಡುಗೆಯಲ್ಲಿ ಮುಖ್ಯ ಸಾಮಗ್ರಿ ಸಮಯ. ಎಳೆ ಮಾಂಸದ ದುಬಾರಿ ತುಂಡನ್ನ ಹತ್ತು ನಿಮಿಷದಲ್ಲಿ ಹುರಿದು ತಿನ್ನಬಹುದು. ಗಟ್ಟಿಯಾದ, ಅಗ್ಗದ ತುಂಡಿಗೆ ಯಾರಾದ್ರೂ ತಮ್ಮ ಗಂಟೆಗಳನ್ನ ಕೊಡಲೇಬೇಕು. ಅಮೆರಿಕದ ಇತಿಹಾಸದಲ್ಲಿ ಆ ಗಂಟೆಗಳನ್ನ ಯಾರು ಕೊಟ್ರು?

ಗುಂಡಿಯ ಪಕ್ಕ ಒಂದು ರಾತ್ರಿ

ಬಾರ್ಬೆಕ್ಯೂ ಅನ್ನೋ ಪದ ಬಂದಿದ್ದು ಕೆರಿಬಿಯನ್ ದ್ವೀಪಗಳ ಟೈನೊ ಜನರಿಂದ. ಮರದ ಕೋಲುಗಳನ್ನ ಕಟ್ಟಿ ನೆಲದಿಂದ ಎತ್ತರಕ್ಕೆ ಮಾಡ್ತಿದ್ದ ಅಟ್ಟಣಿಗೆಯನ್ನ ಸ್ಪೇನಿನವರು 'ಬಾರ್ಬಕೋವಾ' ಅಂತ ಬರೆದುಕೊಂಡರು. ಅಂಥ ಅಟ್ಟಣಿಗೆಯ ಮೇಲೆ ಮಾಂಸ, ಮೀನು ಇಟ್ಟು ಕೆಳಗೆ ಸಣ್ಣ ಬೆಂಕಿ ಹಾಕ್ತಿದ್ರು. ಆಗ ಆ ನೆಲದಲ್ಲಿ ಊರಹಂದಿಯೇ ಇರಲಿಲ್ಲ. 1493ರಲ್ಲಿ ಕೊಲಂಬಸ್ ತನ್ನ ಎರಡನೇ ಯಾನದಲ್ಲಿ ಹಂದಿಗಳನ್ನ ಕೆರಿಬಿಯನ್‌ಗೆ ತಂದ. 1539ರಲ್ಲಿ ಹೆರ್ನಾಂಡೊ ಡಿ ಸೋಟೊ ಫ್ಲಾರಿಡಾಕ್ಕೆ ತಂದ. ಕಾಡಿನಲ್ಲಿ ಸಿಕ್ಕಿದ್ದು ತಿಂದು ಬೆಳೆಯೋ ಪ್ರಾಣಿ, ಹಾಗಾಗಿ ಅಮೆರಿಕದ ದಕ್ಷಿಣ ಭಾಗದಲ್ಲಿ ಹಂದಿಯೇ ಮುಖ್ಯ ಮಾಂಸವಾಯ್ತು.

18ನೇ ಶತಮಾನದ ಹೊತ್ತಿಗೆ ವರ್ಜೀನಿಯಾದಲ್ಲಿ ಬಾರ್ಬೆಕ್ಯೂ ಅಂದ್ರೆ ಒಂದು ದೊಡ್ಡ ಕೂಟ. ಜಾರ್ಜ್ ವಾಷಿಂಗ್ಟನ್ 1769ರಲ್ಲಿ ಅಲೆಕ್ಸಾಂಡ್ರಿಯಾ ಊರಿನ ಬಾರ್ಬೆಕ್ಯೂಗೆ ಹೋಗಿ ರಾತ್ರಿ ಅಲ್ಲೇ ಉಳಿದ ವಿಷಯ ಅವರ ದಿನಚರಿಯಲ್ಲೇ ಇದೆ. ಚುನಾವಣಾ ಪ್ರಚಾರಕ್ಕೆ, ಸುಗ್ಗಿಗೆ, ಜುಲೈ 4ರ ಸ್ವಾತಂತ್ರ್ಯ ದಿನಕ್ಕೆ, ಎಲ್ಲದಕ್ಕೂ ಬಾರ್ಬೆಕ್ಯೂ. ದಿನಚರಿ, ಪತ್ರಿಕೆಗಳಲ್ಲಿ ತಿಂದವರ ಹೆಸರು ಸಿಗುತ್ತೆ. ಬೇಯಿಸಿದವರ ಹೆಸರು ಸಿಗೋದು ಅಪರೂಪ. ಯಾಕಂದ್ರೆ ದಕ್ಷಿಣದಲ್ಲಿ ಆ ಕೆಲಸ ಬಹುಮಟ್ಟಿಗೆ ಗುಲಾಮರ ಮೇಲೆ ಬೀಳ್ತಿತ್ತು.

ಕೆಲಸ ಎಂಥದ್ದು ಗೊತ್ತಾ? ಉದ್ದಕ್ಕೆ ಗುಂಡಿ ತೋಡಬೇಕು. ಹಿಕರಿ ಅಥವಾ ಓಕ್ ಮರದ ಸೌದೆ ಸುಟ್ಟು ಕೆಂಡ ಮಾಡಬೇಕು. ಇಡೀ ಹಂದಿಗಳನ್ನ ಕೋಲುಗಳ ಮೇಲೆ ಹರಡಬೇಕು. ಕೆಂಡ ಆರದಂತೆ, ಉರಿ ಏಳದಂತೆ ಸಲಿಕೆಯಲ್ಲಿ ಹೊಸ ಕೆಂಡ ತುಂಬುತ್ತಾ ಇರಬೇಕು. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಬೆಂಕಿ ಹೊತ್ತಿದ್ರೆ ಇಡೀ ಮಾಂಸ ಹಾಳು.

1930ರ ದಶಕದಲ್ಲಿ ಅಮೆರಿಕದ ಕೇಂದ್ರ ಸರ್ಕಾರ, ಗುಲಾಮರಾಗಿದ್ದು ಇನ್ನೂ ಬದುಕಿದ್ದ ವೃದ್ಧರ ನೆನಪುಗಳನ್ನ ಬರಹಗಾರರ ಮೂಲಕ ದಾಖಲಿಸಿತು. ಅದರಲ್ಲಿ ದಕ್ಷಿಣ ಕೆರೊಲಿನಾದ ವೆಸ್ಲಿ ಜೋನ್ಸ್ ಅನ್ನೋರ ಮಾತು ಇದೆ. ಬಾರ್ಬೆಕ್ಯೂ ಹಿಂದಿನ ರಾತ್ರಿ ಪೂರ್ತಿ ನಿದ್ದೆ ಇಲ್ಲ ಅಂತ ಅವರು ನೆನಪಿಸಿಕೊಳ್ತಾರೆ. ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ, ಅದನ್ನ ಸಾಸ್‌ನಲ್ಲಿ ಅದ್ದಿ, ಬೆಳಗಾಗೋ ತನಕ ಮಾಂಸಕ್ಕೆ ಬಳೀತಾ ಇರೋದು. ಆ ಸಾಸ್‌ನಲ್ಲಿ ಏನೇನಿತ್ತು ಅಂತಾನೂ ಹೇಳ್ತಾರೆ: ವಿನೆಗರ್, ಕಾಳುಮೆಣಸು, ಕೆಂಪು ಮೆಣಸು, ಉಪ್ಪು, ಬೆಣ್ಣೆ, ಕೊತ್ತಂಬರಿ, ಈರುಳ್ಳಿ, ಬೆಳ್ಳುಳ್ಳಿ, ಕೆಲವು ಸೊಪ್ಪು. ಕೆಲವರು ಒಂಚೂರು ಸಕ್ಕರೆಯನ್ನೂ ಹಾಕ್ತಿದ್ರಂತೆ.

ಈಗ ಮತ್ತೆ ಓವನ್ ವಿಧಾನ ನೆನಪಿಸಿಕೊಳ್ಳಿ. ಉಪ್ಪು, ಮೆಣಸು, ಹುಳಿ, ಸಿಹಿ, ಸಣ್ಣ ಉರಿ, ಒಣಗಲು ಬಿಡದೆ ಬಳಿಯೋದು. ಮುಖ್ಯವಾದದ್ದೆಲ್ಲ ವೆಸ್ಲಿ ಜೋನ್ಸ್ ಅವರ ಮಾತಿನಲ್ಲೇ ಇದೆ.

ಇಡೀ ಹಂದಿಯಿಂದ ಪಕ್ಕೆಲುಬಿಗೆ

ಆದ್ರೆ ಆ ಕಾಲದಲ್ಲಿ ಬೇಯಿಸ್ತಿದ್ದದ್ದು ಇಡೀ ಹಂದಿ. ಪಕ್ಕೆಲುಬು ಮಾತ್ರ ಬೇರೆ ತಿನಿಸಾಗಿದ್ದು ಹೇಗೆ? ಕಸಾಯಿಖಾನೆಗಳು ಕಾರ್ಖಾನೆಗಳಾದಾಗ. ಷಿಕಾಗೋದ ಯೂನಿಯನ್ ಸ್ಟಾಕ್ ಯಾರ್ಡ್ಸ್ 1865ರಲ್ಲಿ ಶುರುವಾಯ್ತು. ಕನ್ಸಾಸ್ ಸಿಟಿಯದ್ದು 1871ರಲ್ಲಿ. ರೈಲು, ಆಮೇಲೆ ಮಂಜುಗಡ್ಡೆ ಇಟ್ಟ ರೈಲು ಬೋಗಿ ಬಂದಿದ್ದರಿಂದ ಮಾಂಸ ದೂರದೂರಿಗೆ ಹೋಗೋ ಸರಕಾಯ್ತು. ತೊಡೆ ಹ್ಯಾಮ್ ಆಗುತ್ತೆ, ಹೊಟ್ಟೆಯ ಭಾಗ ಬೇಕನ್ ಆಗುತ್ತೆ, ಇವೆರಡಕ್ಕೂ ಒಳ್ಳೆ ಬೆಲೆ. ಪಕ್ಕೆಲುಬಿನಲ್ಲಿ ಎಲುಬೇ ಜಾಸ್ತಿ, ಮಾಂಸ ಕಮ್ಮಿ. ಅದು ಕಾರ್ಖಾನೆಯ ಸುತ್ತಮುತ್ತಲ ಬಡವರಿಗೆ ಅಗ್ಗಕ್ಕೆ ಸಿಗ್ತಿತ್ತು.

1865ರಲ್ಲೇ ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಗಿತ್ತು. ಆದ್ರೆ ದಕ್ಷಿಣದಲ್ಲಿ ಕಪ್ಪು ಜನರ ಬದುಕು ಸುಧಾರಿಸಲಿಲ್ಲ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಜನ ದಕ್ಷಿಣ ಬಿಟ್ಟು ಷಿಕಾಗೋ, ಡೆಟ್ರಾಯ್ಟ್, ನ್ಯೂಯಾರ್ಕ್‌ನಂಥ ನಗರಗಳಿಗೆ ಹೋದ್ರು. ಅವರ ಜೊತೆ ಗುಂಡಿಯ ವಿದ್ಯೆಯೂ ಹೋಯ್ತು. ನಗರದಲ್ಲಿ ಇಡೀ ಹಂದಿ ಹರಡೋಕೆ ಜಾಗ ಎಲ್ಲಿ? ಅಗ್ಗದ ರಿಬ್ಸ್, ಇಟ್ಟಿಗೆಯ ಒಲೆ, ಗಲ್ಲಿಯ ಒಂದು ಮೂಲೆ. ಅಷ್ಟು ಸಾಕಾಯ್ತು.

ಹೀಗೆ ಗಲ್ಲಿಯಿಂದ ಶುರುಮಾಡಿದವರಲ್ಲಿ ಹೆನ್ರಿ ಪೆರಿ ಹೆಸರು ಉಳಿದಿದೆ. ಅವರು ಟೆನೆಸಿಯ ಮೆಂಫಿಸ್ ಹತ್ತಿರ ಹುಟ್ಟಿದವರು, ಮಿಸಿಸಿಪ್ಪಿ ನದಿಯ ಉಗಿಹಡಗುಗಳಲ್ಲಿ ಅಡುಗೆ ಮಾಡಿದವರು. 1907ರಲ್ಲಿ ಕನ್ಸಾಸ್ ಸಿಟಿಗೆ ಬಂದ್ರು. ಮಾರನೇ ವರ್ಷದಿಂದ ಬಟ್ಟೆ ಕಾರ್ಖಾನೆಗಳ ಪ್ರದೇಶದ ಒಂದು ಗಲ್ಲಿಯಲ್ಲಿ, ನ್ಯೂಸ್ ಪೇಪರ್‌ನಲ್ಲಿ ಸುತ್ತಿದ ಮಾಂಸ ಮಾರೋಕೆ ಶುರುಮಾಡಿದ್ರು. ಒಂದು ಪಟ್ಟಿ ರಿಬ್ಸ್‌ಗೆ 25 ಸೆಂಟ್. ಅವರ ಸಾಸ್ ಬಾಯಿ ಸುಡುವಷ್ಟು ಖಾರ. 1940ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಕೈಕೆಳಗೆ ಕಲಿತ ಚಾರ್ಲಿ ಬ್ರಯಂಟ್, ಆಮೇಲೆ 1946ರಲ್ಲಿ ಅವರ ತಮ್ಮ ಆರ್ಥರ್ ಬ್ರಯಂಟ್ ಆ ವ್ಯಾಪಾರ ನಡೆಸಿದ್ರು. ಪೆರಿ ಹತ್ತಿರ ದುಡಿದಿದ್ದ ಇನ್ನೊಬ್ಬರು, ಆರ್ಥರ್ ಪಿಂಕರ್ಡ್, ಗೇಟ್ಸ್ ಕುಟುಂಬದ ಅಂಗಡಿಯ ಅಡುಗೆ ಹಿಡಿದ್ರು. ಬ್ರಯಂಟ್, ಗೇಟ್ಸ್, ಇವೆರಡೂ ಕನ್ಸಾಸ್ ಸಿಟಿಯಲ್ಲಿ ದೊಡ್ಡ ಹೆಸರುಗಳಾದವು.

ಬೇಯಿಸಬಹುದು, ಕೂರುವಂತಿಲ್ಲ

ಈಗ ಮತ್ತೆ ದಕ್ಷಿಣಕ್ಕೆ ಬರೋಣ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರ. 1927ರಿಂದ ನಡೀತಿದ್ದ ಆಲೀಸ್ ಬಾರ್ಬೆಕ್ಯೂ ಅನ್ನೋ ಹೋಟೆಲ್, 220 ಜನ ಕೂರೋ ಜಾಗ. ಮಾಲೀಕರು ಬಿಳಿಯರು. 36 ಕೆಲಸಗಾರರಲ್ಲಿ ಮೂರನೇ ಎರಡರಷ್ಟು ಜನ ಕಪ್ಪು ಜನರು. ಆದ್ರೆ ಕಪ್ಪು ಗಿರಾಕಿ ಬಂದ್ರೆ ಪಾರ್ಸೆಲ್ ಮಾತ್ರ. ಒಳಗೆ ಕೂತು ತಿನ್ನುವಂತಿರಲಿಲ್ಲ.

1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಹೋಟೆಲ್‌ಗಳಲ್ಲಿ ಬಣ್ಣ ನೋಡಿ ಜಾಗ ಕೊಡೋದು ಕಾನೂನುಬಾಹಿರವಾಯ್ತು. ಮಾಲೀಕರು ಕೋರ್ಟ್‌ಗೆ ಹೋದ್ರು. ನಮ್ಮದು ಊರೊಳಗಿನ ಸಣ್ಣ ವ್ಯಾಪಾರ, ಕೇಂದ್ರ ಸರ್ಕಾರಕ್ಕೆ ಇಲ್ಲೇನು ಅಧಿಕಾರ ಅನ್ನೋದು ಅವರ ವಾದ. ಆಗ ಲೆಕ್ಕ ಹೊರಬಂತು. ಹಿಂದಿನ 12 ತಿಂಗಳಲ್ಲಿ ಆ ಹೋಟೆಲ್ ಕೊಂಡ ಆಹಾರ ಸುಮಾರು 1,50,000 ಡಾಲರ್‌ನದ್ದು. ಅದರಲ್ಲಿ 69,683 ಡಾಲರ್, ಅಂದ್ರೆ ಶೇ 46ರಷ್ಟು, ಮಾಂಸಕ್ಕೆ. ಆ ಮಾಂಸವನ್ನ ಊರಿನ ವ್ಯಾಪಾರಿ ಬೇರೆ ರಾಜ್ಯದಿಂದ ತರಿಸ್ತಿದ್ದ. ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಕಾನೂನು ಮಾಡೋ ಅಧಿಕಾರ ಅಮೆರಿಕದ ಸಂಸತ್ತಿಗಿದೆ. ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಕಾಯ್ದೆಯನ್ನ ಎತ್ತಿಹಿಡಿಯಿತು.

ಒಂದು ಕ್ಷಣ ಯೋಚನೆ ಮಾಡಿ. ಮಾಂಸ ರಾಜ್ಯದ ಗಡಿ ದಾಟಿ ಬಂದಿದೆ ಅನ್ನೋ ಕಾರಣಕ್ಕೆ, ಅದನ್ನ ತಲೆಮಾರುಗಳಿಂದ ಬೇಯಿಸಿದ ಜನರಿಗೆ ಮೇಜಿನ ಮುಂದೆ ಕೂರೋ ಹಕ್ಕು ಸಿಕ್ತು.

ಬಾಟಲಿ, ಫಾಯಿಲ್, ಓವನ್

ಇದೇ ಹೊತ್ತಿಗೆ ಇನ್ನೊಂದು ಕಡೆ ಆ ಅಡುಗೆ ಮನೆಯೊಳಗೆ ಬರ್ತಾ ಇತ್ತು. ಹೊಗೆ ಮೊದಲು ಬಂತು. 1895ರಲ್ಲೇ ಕನ್ಸಾಸ್ ಸಿಟಿಯ ಔಷಧ ವ್ಯಾಪಾರಿ ಅರ್ನೆಸ್ಟ್ ರೈಟ್, ಸುಟ್ಟ ಸೌದೆಯ ಹೊಗೆಯನ್ನ ತಣಿಸಿ ದ್ರವವಾಗಿಸಿ ಬಾಟಲಿಯಲ್ಲಿ ಮಾರಿದ. 20ನೇ ಶತಮಾನದ ಮೊದಲ ದಶಕಗಳಲ್ಲಿ ಗ್ಯಾಸ್ ಓವನ್‌ಗೆ ಥರ್ಮೋಸ್ಟ್ಯಾಟ್ ಸೇರಿತು, ಸಲಿಕೆ ಹಿಡಿದು ಕೆಂಡ ಕಾಯೋ ಕೆಲಸವನ್ನ ಒಂದು ಗುಂಡಿ ತಿರುಗಿಸಿ ಮುಗಿಸಬಹುದಾಯ್ತು. 1947ರಲ್ಲಿ ರೆನಾಲ್ಡ್ಸ್ ಕಂಪನಿ ಮನೆಬಳಕೆಯ ಅಲ್ಯೂಮಿನಿಯಂ ಫಾಯಿಲ್ ತಂದಿತು. ಫಾಯಿಲ್ ಒಳಗೆ ಹಬೆ ಉಳಿಯುತ್ತೆ, ಮಾಂಸ ಒಣಗಲ್ಲ, ಬಟ್ಟೆ ಸುತ್ತಿದ ಕೋಲು ಬೇಕಿಲ್ಲ.

ಕೊನೆಗೆ ಸಾಸ್. 1977ರಲ್ಲಿ ಕನ್ಸಾಸ್ ಸಿಟಿಯ ರಿಚ್ ಡೇವಿಸ್ ಅನ್ನೋ ಬಿಳಿಯ ಮನೋವೈದ್ಯರು ದಪ್ಪನೆಯ, ಸಿಹಿಯಾದ ಒಂದು ಸಾಸ್ ಮಾರುಕಟ್ಟೆಗೆ ತಂದ್ರು. ಅದರ ಮೊದಲ ಹೆಸರು 'ಕೆ.ಸಿ. ಸೋಲ್ ಸ್ಟೈಲ್'. 'ಸೋಲ್' ಅನ್ನೋ ಪದ ಆ ಕಾಲದಲ್ಲಿ ಕಪ್ಪು ಜನರ ಸಂಗೀತ, ಅಡುಗೆಗಳನ್ನ ಸೂಚಿಸ್ತಿತ್ತು. ಮುಂದೆ ಆ ಪದ ಹೋಯ್ತು, 'ಕೆ.ಸಿ. ಮಾಸ್ಟರ್‌ಪೀಸ್' ಉಳೀತು. 1986ರಲ್ಲಿ ಇದ್ದಿಲು ಮಾರೋ ಕಿಂಗ್ಸ್‌ಫರ್ಡ್ ಕಂಪನಿ ಅದನ್ನ ಕೊಂಡುಕೊಂಡಿತು. ಡೇವಿಸ್ ಯಾರದ್ದನ್ನೂ ಕದ್ದರು ಅಂತ ನಾನು ಹೇಳ್ತಿಲ್ಲ. ಸಾಸ್ ಅವರೇ ಕೂಡಿಸಿದ್ದು. ಆದ್ರೆ ಜಗತ್ತಿನ ಸೂಪರ್ ಮಾರ್ಕೆಟ್‌ಗಳಿಗೆ ಹೋದ ಬಾಟಲಿಯ ಮೇಲೆ ಊರಿನ ಹೆಸರು ಇತ್ತು, ಆ ಊರಿನ ರುಚಿ ಕಟ್ಟಿದ ಹೆನ್ರಿ ಪೆರಿಯ ಹೆಸರು ಇರಲಿಲ್ಲ.

ಇದರ ಪರಿಣಾಮ ಈಗಲೂ ಇದೆ. ಬಾರ್ಬೆಕ್ಯೂ ಅಂದ್ರೆ ಟಿವಿಯಲ್ಲಿ, ಜಾಹೀರಾತಿನಲ್ಲಿ ಹೆಚ್ಚಾಗಿ ಕಾಣೋದು ಹಿತ್ತಲಲ್ಲಿ ಏಪ್ರನ್ ಕಟ್ಟಿ ನಿಂತ ಬಿಳಿಯ ಗಂಡಸಿನ ಮುಖ. ಆಹಾರ ಇತಿಹಾಸಕಾರ ಏಡ್ರಿಯನ್ ಮಿಲ್ಲರ್ 2021ರಲ್ಲಿ 'ಬ್ಲ್ಯಾಕ್ ಸ್ಮೋಕ್' ಅನ್ನೋ ಪುಸ್ತಕ ಬರೆದದ್ದೇ ಈ ಕಾರಣಕ್ಕೆ, ಮರೆಯಾದ ಕಪ್ಪು ಬಾಣಸಿಗರನ್ನ ಮತ್ತೆ ಎದುರಿಗೆ ತರೋದಕ್ಕೆ. ಹೆಸರು ಹೋದ್ರೆ ಬರೀ ಗೌರವ ಹೋಗಲ್ಲ. ಟಿವಿ ಅವಕಾಶ, ಪುಸ್ತಕದ ಒಪ್ಪಂದ, ಸಾಸ್ ಬಾಟಲಿಯ ಹಣ, ಎಲ್ಲವೂ ಹೆಸರಿನ ಹಿಂದೆಯೇ ಹೋಗುತ್ತೆ.

ಹಾಗಂತ ಓವನ್‌ನಲ್ಲಿ ರಿಬ್ಸ್ ಮಾಡಬಾರದು ಅಂತಲ್ಲ. ಮಾಡಿ. ಓವನ್‌ನಿಂದಾಗಿ ಒಂದು ರಾತ್ರಿಯ ನಿದ್ದೆ ಯಾರೂ ಕಳೆದುಕೊಳ್ಳಬೇಕಿಲ್ಲ, ಅದು ಒಳ್ಳೆಯದೇ. ಪೊರೆ ಕೀಳಿ, ಫಾಯಿಲ್ ಬಿಗಿಯಾಗಿ ಸುತ್ತಿ, ಉರಿ ಜಾಸ್ತಿ ಮಾಡೋ ಆಸೆ ತಡೆದುಕೊಳ್ಳಿ. ಇಕ್ಕಳದಲ್ಲಿ ಒಂದು ತುದಿ ಹಿಡಿದು ಎತ್ತಿದಾಗ ಪಟ್ಟಿ ಬಾಗಿ, ಮೇಲ್ಮೈ ಸಣ್ಣಗೆ ಬಿರುಕು ಬಿಟ್ರೆ ಆಯ್ತು ಅಂತ ಅರ್ಥ. ಎಲುಬಿನಿಂದ ಮಾಂಸ ತಾನೇ ಕಳಚಿ ಬಿದ್ರೆ ಸ್ವಲ್ಪ ಹೆಚ್ಚೇ ಬೆಂದಿದೆ ಅಂತ ಬಲ್ಲವರು ಹೇಳ್ತಾರೆ. ಆ ಮೂರು ಗಂಟೆ ಕಾಯೋವಾಗ ಪಕ್ಕದಲ್ಲಿ ಯಾರಾದ್ರೂ ಇದ್ರೆ ವೆಸ್ಲಿ ಜೋನ್ಸ್, ಹೆನ್ರಿ ಪೆರಿ ಕತೆ ಹೇಳಿ. ಟೈಮ್ ಹೇಗೂ ಇರುತ್ತೆ.