ಕಾರ್ಡು, ಕೊಕ್ಕೆ ಮತ್ತು ಹೆಸರಿನ ವ್ಯಾಪ್ತಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರದ ನೇಯ್ಗೆ 20ನೇ ಶತಮಾನದಲ್ಲಿ ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಹೊರಳಿದ ಮೇಲೂ, ಸೀರೆಯ ಸೆರಗು ಮತ್ತು ಅಂಚಿನ ಚಿತ್ತಾರ ಬಹುಕಾಲ ಜಕಾರ್ಡ್ ಯಂತ್ರದ ರಂಧ್ರಕಾರ್ಡುಗಳನ್ನೇ ಅವಲಂಬಿಸಿತ್ತು. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಸಾಧನದಲ್ಲಿ, ಕಾರ್ಡಿನ ರಂಧ್ರಕ್ಕೆ ಸೂಜಿ ಹೊಕ್ಕರೆ ಅದಕ್ಕೆ ಸೇರಿದ ಕೊಕ್ಕೆ ಮೇಲೆದ್ದು, ಕೊಕ್ಕೆಗೆ ಕಟ್ಟಿದ ದಾರಗಳು ಹಾಸಿನ ಎಳೆಗಳನ್ನು ಎತ್ತಿ, ಹೊಕ್ಕಿನ ನೂಲಿಗೆ ದಾರಿ ಮಾಡಿಕೊಡುತ್ತವೆ.

ಆದರೆ ಕಾರ್ಡು ಹೇಳುವುದು ಯಾವ ಕೊಕ್ಕೆ ಏಳಬೇಕೆಂಬುದನ್ನು ಮಾತ್ರ. ಆ ಕೊಕ್ಕೆ ಯಾವ ಎಳೆಗಳನ್ನು ಎತ್ತಬೇಕೆಂಬುದು ಮಗ್ಗದ ದಾರಗಳ ಕಟ್ಟಿಗೆ ಬಿಟ್ಟದ್ದು. ದಾರಗಳನ್ನು ಒಂದೇ ದಿಕ್ಕಿನ ಕ್ರಮದಲ್ಲಿ ಕಟ್ಟಿದ ಮಗ್ಗದಲ್ಲಿ ಚಿತ್ರ ಹಾಗೆಯೇ ಮರುಕಳಿಸಿದರೆ, ಹೋಗಿ ಹಿಂದಿರುಗುವ ಕ್ರಮದಲ್ಲಿ ಕಟ್ಟಿದ ಮಗ್ಗದಲ್ಲಿ ಅವೇ ಕಾರ್ಡುಗಳಿಂದ ಎಡಬಲ ಪ್ರತಿಬಿಂಬ ಮೂಡುತ್ತದೆ. ಕಾರ್ಡಿನ ಬದಲು ಕಂಪ್ಯೂಟರ್ ಕಡತವನ್ನು ಓದುವ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಾಗಲೂ ಈ ನಿಯಮ ಬದಲಾಗಲಿಲ್ಲ.

ರಂಧ್ರಕಾರ್ಡನ್ನು 1830ರ ದಶಕದಲ್ಲಿ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎರವಲು ಪಡೆದರೆ, ಕೊಕ್ಕೆ ಎತ್ತುವ ಎಳೆಗಳನ್ನು ಮಗ್ಗದ ಕಟ್ಟು ನಿರ್ಧರಿಸುವಂತೆ, ಆದೇಶದಲ್ಲಿರುವ ಹೆಸರಿಗೆ ಅರ್ಥ ಒದಗುವುದು ಅದನ್ನು ಬರೆದ ಜಾಗದಿಂದಲೋ ನಡೆಸುವ ಜಾಗದಿಂದಲೋ ಎಂಬ ಪ್ರಶ್ನೆ ಮುಂದೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ವ್ಯಾಪ್ತಿಯ ಪ್ರಶ್ನೆಯಾಗಿ ಬೆಳೆಯಿತು. ವ್ಯಾಪ್ತಿಯೆಂದರೆ ಚರ, ಅಂದರೆ ಒಂದು ಮೌಲ್ಯಕ್ಕೆ ಇಟ್ಟ ಹೆಸರು, ಪ್ರೋಗ್ರಾಮಿನ ಎಷ್ಟು ಭಾಗದಲ್ಲಿ ಸಲ್ಲುತ್ತದೆ ಎಂಬುದು. ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ ಲಿಸ್ಪ್ ಭಾಷೆಯ 'ಇವಾಲ್' ಎಂಬ ಕಾರ್ಯವು (ಫಂಕ್ಷನ್) ಪ್ರೋಗ್ರಾಮಿನ ತುಣುಕನ್ನೇ ದತ್ತಾಂಶವಾಗಿ ಪಡೆದು ಆ ಕ್ಷಣವೇ ನಡೆಸುತ್ತಿತ್ತು. ಆರಂಭದ ಲಿಸ್ಪ್‌ನಲ್ಲಿ ಒಂದು ಕಾರ್ಯ ತನ್ನೊಳಗೆ ಇಲ್ಲದ ಹೆಸರನ್ನು ತನ್ನನ್ನು ಕರೆದ ಕಾರ್ಯದ ಬಳಿ ಹುಡುಕುತ್ತಿದ್ದುದರಿಂದ, ಒಂದೇ ಕೋಡು ಕರೆದ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಫಲ ಕೊಡುತ್ತಿತ್ತು. ಇದೇ ಚಲನಶೀಲ ವ್ಯಾಪ್ತಿ. ಹೆಸರಿನ ಅರ್ಥವನ್ನು ಬರವಣಿಗೆಯ ಚೌಕಟ್ಟಿಗೇ ಕಟ್ಟಿಹಾಕುವ ಪಠ್ಯವ್ಯಾಪ್ತಿಯನ್ನು ಆಲ್ಗಾಲ್ 60 ಭಾಷೆ ಅನುಸರಿಸಿತು, ಸಸ್‌ಮನ್ ಮತ್ತು ಸ್ಟೀಲ್ 1975ರಲ್ಲಿ ರೂಪಿಸಿದ ಸ್ಕೀಮ್ ಭಾಷೆ ಅದನ್ನು ಲಿಸ್ಪ್ ಪರಂಪರೆಗೂ ತಂದಿತು.

ಪಠ್ಯವ್ಯಾಪ್ತಿ ಗೆದ್ದ ಮೇಲೂ, ಓಡುವಾಗ ಅಕ್ಷರಸಾಲಾಗಿ ಹುಟ್ಟುವ ಕೋಡಿಗೆ ತನ್ನದೆಂಬ ಸುತ್ತಲಿನ ಪಠ್ಯವಿಲ್ಲದ ಕಾರಣ ಸಮಸ್ಯೆ ಉಳಿಯಿತು. ಜಾವಾಸ್ಕ್ರಿಪ್ಟ್‌ನಲ್ಲಿ ಇಂಥ ಕೋಡು ಘೋಷಿಸಿದ ಚರ ಕರೆದ ಕಾರ್ಯದೊಳಕ್ಕೂ ನುಸುಳಬಹುದು, 2009ರ ಕಟ್ಟುನಿಟ್ಟಿನ ವಿಧಾನವನ್ನು (ಸ್ಟ್ರಿಕ್ಟ್ ಮೋಡ್) ಆರಿಸಿಕೊಂಡ ಕೋಡಿನಲ್ಲಿ ಮಾತ್ರ ಅದಕ್ಕೆ ತಡೆಯಿದೆ. ಪೈಥಾನ್‌ನ 'ಎಕ್ಸೆಕ್' ಕಾರ್ಯಕ್ಕಾದರೆ ಹೆಸರು ಮತ್ತು ಮೌಲ್ಯಗಳ ಕೋಷ್ಟಕವನ್ನೇ ಕೋಡಿನ ಜೊತೆ ಒಪ್ಪಿಸಬಹುದು. ಹೆಸರುಗಳ ಪರಿಸರವನ್ನು ಹೀಗೆ ಎದ್ದುಕಾಣುವಂತೆ ಕೊಟ್ಟಾಗ, ತುಣುಕು ಯಾವ ಹೆಸರುಗಳನ್ನು ಓದುತ್ತದೆ, ಯಾವುದನ್ನು ಬದಲಿಸುತ್ತದೆ ಎಂಬುದನ್ನು ಅದನ್ನು ನಡೆಸುವವರು ಮುಂಚೆಯೇ ಬಹುಮಟ್ಟಿಗೆ ಗೊತ್ತುಮಾಡಬಹುದು.